ಮಡಿಕೇರಿಯ ಗದ್ದುಗೆಗಳು

ಕೊಡಗನ್ನಾಳಿದ ಹಾಲೇರಿ ಅರಸರು ವೀರಶೈವರು. ಆ ಮತದ ವಾಡಿಕೆಯಂತೆ ಅವರಿಗೆ ದಹನವಿಲ್ಲ, ಸಮಾಧಿಯುಂಟು. ಮಡಿಕೇರಿಯ ದಿಣ್ಣೆಯ ಮೇಲಿರುವ ಅವರ ಗದ್ದುಗೆಗಳಿಗೆ ನಡುವೆ ಗುಮ್ಮಟವೂ ಮೂಲೆಗಳಲ್ಲಿ ಗೋಪುರಗಳೂ ಇರುವುದರಿಂದ, ಒಂದು ಹಗಲಿನಲ್ಲಿ ನೋಡಿ ಹೋಗಬಂದ ಯಾತ್ರಿಕನು ಅವನ್ನು ಸುಲ್ತಾನರ ಗೋರಿಗಳೆಂದೇ ಭಾವಿಸುವನು. ಆದರೆ ಮೇಲೆ ಕುಳಿತಿರುವ ನಂದಿಗಳು ಆ ಸಂದೇಹವನ್ನು ಪರಿಹರಿಸುತ್ತವೆ.

ಒಂದು ಗದ್ದುಗೆ 1809ರಲ್ಲಿ ತೀರಿಕೊಂಡ ದೊಡ್ಡವೀರರಾಜೇಂದ್ರನದು ಮತ್ತು ಅವನ ರಾಣಿ ಮಹದೇವಮ್ಮಾಜಿಯದು. ಮತ್ತೊಂದು 1820ರಲ್ಲಿ ಗತಿಸಿದ ಲಿಂಗರಾಜೇಂದ್ರನದು. ಅದನ್ನು ಕಟ್ಟಿಸಿದವನು ಮಗನಾದ ಚಿಕ್ಕವೀರರಾಜೇಂದ್ರ. ಇವನನ್ನು 1834ರಲ್ಲಿ ಇಂಗ್ಲಿಷರು ಪದಚ್ಯುತಗೊಳಿಸಿ ಕಾಶಿಗೆ ಕಳುಹಿಸಿದರು. ಮುಂದೆ 1859ರಲ್ಲಿ ಅವನು ಲಂಡನ್ನಿನಲ್ಲಿ ಮರಣಹೊಂದಿದನು. ತಂದೆಗೆ ಗದ್ದುಗೆಯನ್ನು ಕಟ್ಟಿಸಿದ ಆ ಕಡೆಯ ಅರಸನಿಗೆ ಈ ದಿಣ್ಣೆಯ ಮೇಲೆ ಗದ್ದುಗೆಯಿಲ್ಲ.