ಹಾಡಿನ ಪಕ್ಕದ ಮಾತು

ಹಾಡುವವನೊಬ್ಬ, ಹಾಡಿನ ಹಿನ್ನೆಲೆಯನ್ನು ಬಿಡಿಸಿ ಹೇಳುವವನು ಇನ್ನೊಬ್ಬ: ಈ ಏರ್ಪಾಡು ಕನ್ನಡನಾಡಿಗೆ ಹೊಸದಲ್ಲ. ಗಮಕಿ ಕುಮಾರವ್ಯಾಸನ ಷಟ್ಪದಿಯನ್ನು ರಾಗವಾಗಿ ಓದಿ ನಿಲ್ಲಿಸಿದರೆ, ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರ ಮಾತಿಗೆ ತೊಡಗುತ್ತಾನೆ. ಅವನು ಚತುರನಾದರೆ ಪದ್ಯಕ್ಕೆ ಪ್ರಾಣ ಬರುವುದು. ಅಲ್ಲವಾದರೆ ಸಭೆಗೆ ನಿದ್ದೆ ಬರುವುದು.

1996ರಲ್ಲಿ ಅಮೆರಿಕದ ವಿಎಚ್‌ 1 ಎಂಬ ಸಂಗೀತ ವಾಹಿನಿ ‘ಪಾಪ್ ಅಪ್ ವಿಡಿಯೋ’ ಎಂಬ ಕಾರ್ಯಕ್ರಮವನ್ನು ತಂದಿತು. ಹಾಡಿನ ಚಿತ್ರ ಓಡುತ್ತಿರುವಂತೆಯೇ ತೆರೆಯ ಮೇಲೆ ಗುಳ್ಳೆಗಳು ಮೂಡುತ್ತಿದ್ದವು; ಚಿತ್ರೀಕರಣದ ಸಂಗತಿ, ಗಾಯಕನ ಬದುಕಿನ ಚೂರು, ಹಾಡಿಗೆ ಸಂಬಂಧವೇ ಇಲ್ಲದ ಲೋಕಾಭಿರಾಮ ಎಲ್ಲವೂ ಆ ಗುಳ್ಳೆಗಳಲ್ಲಿ. ನಮ್ಮಲ್ಲಿ ಓದು ನಿಂತ ಮೇಲೆ ಮಾತು. ಅಲ್ಲಿ ಎರಡೂ ಒಟ್ಟಿಗೇ. ಕಣ್ಣು ಓದುತ್ತಿರುವಾಗ ಕಿವಿ ಕೇಳೀತೇ ಎಂಬುದು ನನ್ನ ಸಂದೇಹ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ ಚಿತ್ರಗೀತೆಯನ್ನು ಮನೆಯೊಳಕ್ಕೆ ತಂದದ್ದು ಬಾನುಲಿ. 1957ರಲ್ಲಿ ವಿವಿಧ ಭಾರತಿ ಹುಟ್ಟಿತು. 1965ರಲ್ಲಿ ಭದ್ರಾವತಿಯ ಆಕಾಶವಾಣಿ ಮಾತನಾಡತೊಡಗಿತು. ಚಿತ್ರ ಯಾವುದು, ಸಾಹಿತ್ಯ ಯಾರದು, ಸಂಗೀತ ಯಾರದು, ಹಾಡಿದವರು ಯಾರು ಎಂದು ಉದ್ಘೋಷಕರು ಹೇಳುತ್ತಿದ್ದ ಆ ಒಂದು ವಾಕ್ಯವೂ ವ್ಯಾಖ್ಯಾನವೇ ಸರಿ. ವಿಜಯನಾರಸಿಂಹ, ಆರ್.ಎನ್. ಜಯಗೋಪಾಲ್, ಚಿ. ಉದಯಶಂಕರ್ ಎಂಬ ಹೆಸರುಗಳು ಮುಖ ಕಾಣದೆಯೇ ಮನೆಮಾತಾದದ್ದು ಅದರ ದೆಸೆಯಿಂದ. ದೂರದರ್ಶನದ ‘ಚಿತ್ರಮಂಜರಿ’ ಬಂದ ಮೇಲೆ ಹಾಡು ನಾಯಕನ ಮುಖಕ್ಕೆ ಅಂಟಿಕೊಂಡಿತು. ಬರೆದವನು ಹಿಂದೆ ಸರಿದ.

ಅವನನ್ನು ಮತ್ತೆ ಮುಂದಕ್ಕೆ ಕರೆತಂದದ್ದು, ನನ್ನ ಮಟ್ಟಿಗೆ, ಈಟಿವಿ ಕನ್ನಡದ ‘ಎದೆ ತುಂಬಿ ಹಾಡುವೆನು’. 2000ದ ಡಿಸೆಂಬರಿನಲ್ಲಿ ಆರಂಭವಾದ ಈ ವಾಹಿನಿಯಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅದನ್ನು ನಡೆಸಿಕೊಟ್ಟರು. ಹೆಸರಿಗೆ ಅದು ಸ್ಪರ್ಧೆ. ಆದರೆ ಸ್ಪರ್ಧಿ ಹಾಡಿ ಮುಗಿಸಿದ ಮೇಲೆ ಅವರು ಆಡುತ್ತಿದ್ದ ಮಾತಿಗಾಗಿಯೇ ಕಾದವರುಂಟು. ಸಂಗೀತ ನಿರ್ದೇಶಕರ ಸ್ವಭಾವ, ಧ್ವನಿಮುದ್ರಣದ ದಿನ, ಕವಿ ಒಂದು ಶಬ್ದವನ್ನು ಏಕೆ ಅಲ್ಲಿಟ್ಟ ಎಂಬ ವಿಚಾರ, ಎಲ್ಲಿ ಉಸಿರು ಹಿಡಿಯಬೇಕೆಂಬ ಗುಟ್ಟು! 1967ರ ‘ನಕ್ಕರೆ ಅದೇ ಸ್ವರ್ಗ’ ಚಿತ್ರದಿಂದ ಕನ್ನಡದಲ್ಲಿ ಹಾಡಿಕೊಂಡು ಬಂದವರಾದ್ದರಿಂದ, ಅದು ಪುಸ್ತಕದಿಂದ ತಂದ ಪಾಂಡಿತ್ಯವಲ್ಲ. ಗಮಕಿಯೂ ವ್ಯಾಖ್ಯಾನಕಾರನೂ ಒಬ್ಬನೇ ಆದಂತೆ ಅದು. 2020ರ ಸೆಪ್ಟೆಂಬರ್ 25ರಂದು ಅವರು ತೀರಿಕೊಂಡರು.

ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯನ್ನು ಓದುಗರು ಷಹಾಜಿಯ ಸಮಾಧಿಯಿಂದ ಬಲ್ಲರು. ಎಚ್.ಎಸ್. ವೆಂಕಟೇಶಮೂರ್ತಿಯವರು 1944ರಲ್ಲಿ ಹುಟ್ಟಿದ್ದೂ ಅಲ್ಲಿಯೇ. ‘ಕುಮಾರವ್ಯಾಸ ಕಥಾಂತರ’ ಬರೆದು ಹಳಗಾವ್ಯಕ್ಕೆ ಹೊಸ ಮಾತು ಜೋಡಿಸಿದ ಅವರೇ ‘ಚಿನ್ನಾರಿ ಮುತ್ತ’ದ ಹಾಡುಗಳನ್ನೂ ಬರೆದರು. 2016ರ ‘ಕಿರಿಕ್ ಪಾರ್ಟಿ’ಯಲ್ಲಿ ಅವರ ಕವಿತೆಯೊಂದು ಹಾಡಾದಾಗ ಅದನ್ನು ಗುನುಗಿದ ಹುಡುಗರೆಷ್ಟೋ. ಬರೆದವರು ಪಕ್ಕದೂರಿನವರೆಂದು ಅವರಿಗೆ ಹೇಳುವ ಗುಳ್ಳೆಯೊಂದು ತೆರೆಯ ಮೇಲೆ ಏಳಲಿಲ್ಲ. ಕವಿ 2025ರ ಮೇ 30ರಂದು ನಿಧನರಾದರು. ಇಂದು ಹಾಡು ಫೋನಿನಲ್ಲಿ ಓಡುತ್ತದೆ; ಸಾಹಿತ್ಯ ಯಾರದೆಂಬುದು ಕೆಳಗೆ ಮಡಿಸಿಟ್ಟ ವಿವರಣೆಯಲ್ಲಿರುತ್ತದೆ, ಒತ್ತಿ ನೋಡಿದವರಿಗೆ ಮಾತ್ರ.