ಬಿಹಾರದ ಭೂಕಂಪವೂ ದೈವಕಾರುಣ್ಯದ ಪ್ರಶ್ನೆಯೂ

1934ನೆಯ ಇಸವಿ ಜನವರಿ 24ರಂದು ತಿರುನೆಲ್ವೇಲಿಯಲ್ಲಿ ನೆರೆದ ಸಭೆಯನ್ನುದ್ದೇಶಿಸಿ ಮಾತನಾಡುತ್ತ ಮಹಾತ್ಮಾ ಗಾಂಧಿಯವರು, ಒಂಬತ್ತು ದಿನಗಳ ಹಿಂದೆ ಬಿಹಾರವನ್ನು ಹಾಳುಗೆಡವಿದ ಭೂಕಂಪವು ಅಸ್ಪೃಶ್ಯತೆಯೆಂಬ ಪಾಪಕ್ಕಾಗಿ ಭಗವಂತನು ವಿಧಿಸಿದ ದಂಡನೆಯೆಂದು ತಾವು ನಂಬುವುದಾಗಿ ಸಾರಿದರು. ಇದಕ್ಕಾಗಿ ತಮ್ಮನ್ನು ಮೂಢನೆಂದು ಕರೆಯುವವರು ಕರೆಯಲಿ ಎಂದೂ ಅವರು ಮುಂದಾಗಿಯೇ ಹೇಳಿಬಿಟ್ಟಿದ್ದರು. ಹರಿಜನೋದ್ಧಾರಕ್ಕಾಗಿ 1933ರ ನವೆಂಬರಿನಲ್ಲಿ ವರ್ಧಾದಿಂದ ಹೊರಟ ಸುದೀರ್ಘ ಪ್ರವಾಸದ ನಡುವಣ ಭಾಷಣವದು. ಅದೇ ಜನವರಿಯ ಮೊದಲ ವಾರದಲ್ಲಿ ಅವರು ಮೈಸೂರು, ಬೆಂಗಳೂರುಗಳಲ್ಲಿದ್ದರು. ಅಲ್ಲಿಂದ ಮಲಬಾರಿಗೆ ಇಳಿದಿದ್ದರು.

ಭೂಕಂಪವಾದದ್ದು ಜನವರಿ 15ರ ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೆ. ಮುಂಗೇರ್, ಮುಜಫ್ಫರಪುರ, ದರ್ಭಂಗಾ, ಮೋತಿಹಾರಿಗಳೂ ನೇಪಾಳದ ಕಾಠ್ಮಂಡು, ಭಕ್ತಪುರ, ಪಾಟನಗಳೂ ಕೆಲವೇ ನಿಮಿಷಗಳಲ್ಲಿ ಕುಸಿದವು. ಬಿಹಾರದಲ್ಲಿ ಸತ್ತವರ ಸಂಖ್ಯೆ 7,000ಕ್ಕೂ ಮೀರಿತು. ನೇಪಾಳದಲ್ಲಿ ಸುಮಾರು 8,500. ಗಂಗೆಯ ಉತ್ತರದ ಬಯಲಿನಲ್ಲಿ ನೆಲ ಬಿರಿದು ನೀರೂ ಮರಳೂ ಉಕ್ಕಿ ಬಂದು ಬೆಳೆ ನಿಂತ ಹೊಲಗಳನ್ನು ಮುಚ್ಚಿಹಾಕಿದವು, ಬಾವಿಗಳು ಹೂತುಹೋದವು. ಸೆರೆಮನೆಯಲ್ಲಿದ್ದ ಬಾಬು ರಾಜೇಂದ್ರ ಪ್ರಸಾದರನ್ನು ಸರ್ಕಾರವು ಎರಡೇ ದಿನಗಳಲ್ಲಿ ಬಿಡುಗಡೆ ಮಾಡಿತು; ಪರಿಹಾರಕಾರ್ಯದ ಹೊಣೆ ಅವರ ಹೆಗಲೇರಿತು.

ತಿರುನೆಲ್ವೇಲಿಯ ಮಾತನ್ನು ಪತ್ರಿಕೆಗಳಲ್ಲಿ ಓದಿ ರವೀಂದ್ರನಾಥ ಠಾಕೂರರು ನೊಂದರು. ಈ ನೋವು ವಿರೋಧಿಯದಲ್ಲವೆಂಬುದು ಗಮನಾರ್ಹ. 1932ರ ಸೆಪ್ಟೆಂಬರಿನಲ್ಲಿ ಯರವಡಾ ಸೆರೆಮನೆಯಲ್ಲಿ ಗಾಂಧಿಯವರು ಉಪವಾಸವನ್ನು ಮುಗಿಸಿದಾಗ ಮಗ್ಗುಲಲ್ಲಿ ಕುಳಿತು ಹಾಡಿದವರು ಇದೇ ಕವಿಗಳು. ಅಸ್ಪೃಶ್ಯತೆಯು ಪಾಪವೆಂಬುದರಲ್ಲಿ ಇಬ್ಬರಿಗೂ ಭಿನ್ನಮತವಿರಲಿಲ್ಲ. ಆ ಪಾಪಕ್ಕೂ ನೆಲದ ನಡುಕಕ್ಕೂ ಗಂಟುಹಾಕಿದುದು ಮಾತ್ರ ಠಾಕೂರರಿಗೆ ಸಹನೆಯಾಗಲಿಲ್ಲ. ಅವರ ಖಂಡನೆಯನ್ನು ಗಾಂಧಿಯವರು ತಮ್ಮ ‘ಹರಿಜನ’ ಪತ್ರಿಕೆಯ ಫೆಬ್ರುವರಿ 16ರ ಸಂಚಿಕೆಯಲ್ಲಿ ತಾವೇ ಅಚ್ಚುಮಾಡಿ, ಅದರೊಡನೆ ಉತ್ತರವನ್ನೂ ಬರೆದರು. ಇಂಥ ಔದಾರ್ಯ ಇಂದಿನ ವಾಗ್ವಾದಗಳಲ್ಲಿ ಅಪರೂಪವಾಗಿದೆ.

ಠಾಕೂರರ ವಾದದಲ್ಲಿ ಎರಡು ಎಳೆಗಳಿವೆ. ಭೌತಿಕ ಉತ್ಪಾತಗಳಿಗೆ ಭೌತಿಕ ಕಾರಣಗಳು ಮಾತ್ರ ಇರುತ್ತವೆ, ಮನುಷ್ಯನ ಪಾಪವು ಎಷ್ಟೇ ಘೋರವಾಗಿದ್ದರೂ ಸೃಷ್ಟಿಯ ಕಟ್ಟಡವನ್ನು ಅಲುಗಿಸುವ ಬಲ ಅದಕ್ಕಿಲ್ಲ ಎಂಬುದು ಒಂದು. ಇದು ವಿಜ್ಞಾನದ ಮಾತು. ಇನ್ನೊಂದು ಧರ್ಮದ ಒಳಗಿನಿಂದಲೇ ಬಂದುದು. ಅದೇ ಹೆಚ್ಚು ತೀಕ್ಷ್ಣವಾದುದು. ದೂರದಲ್ಲಿ ಸುರಕ್ಷಿತವಾಗಿ ಕುಳಿತ ದೊಡ್ಡ ಅಪರಾಧಿಗಳಿಗೆ ಬುದ್ಧಿ ಕಲಿಸಲೆಂದು ಕೈಗೆ ಸಿಕ್ಕ ಮಕ್ಕಳನ್ನೂ ಸ್ವತಃ ಅಸ್ಪೃಶ್ಯರನ್ನೂ ಕೊಲ್ಲುವ ಅರಸನನ್ನು ನಾವು ನಾಗರಿಕನೆನ್ನುವುದಿಲ್ಲ. ಹಾಗೆ ಮಾಡುವವನು ದೇವರೇ ಆದರೆ ಮನುಷ್ಯನ ನೀತಿ ದೇವರ ನೀತಿಗಿಂತ ಮೇಲಾದಂತಾಯಿತು. ಇಂಥ ತರ್ಕವು ಗಾಂಧಿಯವರ ಪ್ರತಿಪಕ್ಷದವರಿಗೇ ಹೆಚ್ಚು ಒಪ್ಪುವಂಥದು, ಭೂಕಂಪದ ಹೊಣೆಯನ್ನು ಅವರು ಗಾಂಧಿಯವರ ಮೇಲೆಯೇ ಹೊರಿಸಿದರೆ ಆಶ್ಚರ್ಯವಿಲ್ಲವೆಂದೂ ಅವರು ಸೇರಿಸಿದರು.

ಈ ಪ್ರಶ್ನೆ ನಮ್ಮ ದರ್ಶನಗಳಿಗೆ ಹೊಸದಲ್ಲ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ವೈಷಮ್ಯ-ನೈರ್ಘೃಣ್ಯಗಳ ಅಧಿಕರಣವೆಂಬುದೊಂದಿದೆ. ಒಬ್ಬನಿಗೆ ಸುಖ ಒಬ್ಬನಿಗೆ ದುಃಖ ಕೊಡುವ ಈಶ್ವರನು ಪಕ್ಷಪಾತಿಯೂ ನಿರ್ದಯನೂ ಆಗಲಾರನೇ ಎಂಬ ಆಕ್ಷೇಪಕ್ಕೆ, ಅವನು ಜೀವರ ಕರ್ಮವನ್ನು ಅಪೇಕ್ಷಿಸಿಯೇ ಸೃಷ್ಟಿಸುತ್ತಾನೆಂಬುದು ಅಲ್ಲಿನ ಸಮಾಧಾನ. ಮಳೆಯು ಎಲ್ಲ ಬೀಜಗಳಿಗೂ ಸಮಾನವಾದರೂ ಬೆಳೆಯ ಭೇದವು ಬೀಜದಲ್ಲಿಯೇ ಅಡಗಿರುವಂತೆ ಎಂದು ಶಂಕರರು ದೃಷ್ಟಾಂತ ಕೊಟ್ಟರು. ಮೊದಲ ಸೃಷ್ಟಿಗೆ ಮುಂಚೆ ಕರ್ಮವೆಲ್ಲಿತ್ತು ಎಂದು ಕೇಳಿದರೆ, ಸಂಸಾರ ಅನಾದಿಯೆಂಬ ಉತ್ತರವೂ ಸಿದ್ಧವಾಗಿತ್ತು. ಉಡುಪಿಯ ಮಧ್ವಾಚಾರ್ಯರು ಇನ್ನೂ ಹಿಂದಕ್ಕೆ ಹೋಗಿ, ಜೀವರ ಸ್ವರೂಪಯೋಗ್ಯತೆಯೇ ಅನಾದಿಯಾದುದು, ಅದನ್ನು ಹರಿ ಹುಟ್ಟಿಸಿದುದಲ್ಲವೆಂದರು. ಈ ಉತ್ತರದ ಬೆಲೆ ದೊಡ್ಡದು: ತಾರತಮ್ಯವು ಕೆಲವರಿಗೆ ಎಂದೆಂದಿಗೂ ತಪ್ಪದೆಂದು ಅಲ್ಲಿ ಒಪ್ಪಬೇಕಾಗುತ್ತದೆ.

ಆದರೆ ಗಾಂಧಿಯವರ ಮಾತು ಈ ಕರ್ಮಸಿದ್ಧಾಂತವಲ್ಲವೆಂಬುದನ್ನು ಹಲವರು ಗಮನಿಸಿಲ್ಲ. ಕರ್ಮಸಿದ್ಧಾಂತದಲ್ಲಿ ಮಾಡಿದವನೇ ಉಣ್ಣುತ್ತಾನೆ. ತಿರುನೆಲ್ವೇಲಿಯಲ್ಲಿ ಹೇಳಿದುದೋ, ಇಡೀ ಹಿಂದೂ ಸಮಾಜದ ಪಾಪಕ್ಕೆ ಬಿಹಾರದವರು ಉಂಡರೆಂದು. ಇದಕ್ಕೆ ಸಮೀಪವಾದುದು ನಮ್ಮಲ್ಲಿ ದರ್ಶನವಲ್ಲ, ಪುರಾಣ. ಅಂಗದೇಶದ ರಾಜ ರೋಮಪಾದನ ತಪ್ಪಿನಿಂದ ನಾಡಿಗೆಲ್ಲ ಅನಾವೃಷ್ಟಿಯಾಗಿ, ಋಷ್ಯಶೃಂಗನು ಕಾಲಿಟ್ಟಮೇಲೆ ಮಳೆ ಸುರಿದ ಕತೆಯನ್ನು ರಾಮಾಯಣ ಮಹಾಭಾರತಗಳೆರಡೂ ಹೇಳುತ್ತವೆ. ತಪ್ಪು ಅರಸನದು, ಬಾಯಾರಿದವರು ಒಕ್ಕಲಿಗರು. ಆ ಅಂಗದೇಶವೆಂದರೆ ಇಂದಿನ ಭಾಗಲ್ಪುರ-ಮುಂಗೇರ್ ಸೀಮೆ, 1934ರಲ್ಲಿ ನೆಲಸಮವಾದ ಅದೇ ಮುಂಗೇರ್! ಋಷ್ಯಶೃಂಗನನ್ನಾದರೋ ಕನ್ನಡನಾಡು ತನ್ನವನನ್ನಾಗಿ ಮಾಡಿಕೊಂಡಿದೆ. ಶೃಂಗೇರಿಯ ಬಳಿಯ ಕಿಗ್ಗದಲ್ಲಿ ಮಳೆಗಾಗಿ ಜನ ಇಂದಿಗೂ ಅವನ ಹೆಸರಿನ ದೇವರಿಗೆ ಮೊರೆಯಿಡುತ್ತಾರೆ. ಹಂಚಿಕೊಂಡ ಪಾಪವೆಂಬ ಭಾವನೆ ಹೀಗೆ ನಮ್ಮ ಜನಮನದಲ್ಲಿ ಆಳವಾಗಿಯೇ ಇದೆ. ಗಾಂಧಿಯವರು ಅದನ್ನು ತಟ್ಟಿ ಎಬ್ಬಿಸಿದರು.

ಯೂರೋಪು ಇದೇ ಸಂಕಟವನ್ನು 1755ರಲ್ಲಿ ಕಂಡಿತ್ತು. ನವೆಂಬರ್ 1, ಸಕಲ ಸಂತರ ಹಬ್ಬದ ಬೆಳಿಗ್ಗೆ ಲಿಸ್ಬನ್ ನಗರ ನಡುಗಿ, ಪೂಜೆಗೆ ನೆರೆದವರ ಮೇಲೆ ಇಗರ್ಜಿಗಳು ಬಿದ್ದವು. ಬಳಿಕ ಕಡಲೂ ಬೆಂಕಿಯೂ ಉಳಿದುದನ್ನು ನುಂಗಿದವು. ಇದು ಸಾಧ್ಯವಿರುವ ಲೋಕಗಳಲ್ಲೆಲ್ಲ ಶ್ರೇಷ್ಠವಾದುದೆಂದು ಲೈಬ್ನಿಟ್ಸನು 1710ರಲ್ಲಿ ಸಾಧಿಸಿದ್ದನ್ನು ವೋಲ್ತೇರನು ಈ ಶವಗಳ ನಡುವೆ ನಿಲ್ಲಿಸಿ ಪ್ರಶ್ನಿಸಿದನು. ರೂಸೋನ ಮರುತ್ತರ ವಿಲಕ್ಷಣವಾದುದು: ಅಷ್ಟೊಂದು ಮನೆಗಳನ್ನು ಅಂತಸ್ತಿನ ಮೇಲೆ ಅಂತಸ್ತಾಗಿ ಅಲ್ಲಿ ಒತ್ತಿ ಕಟ್ಟಿದವಳು ಪ್ರಕೃತಿಯಲ್ಲವಷ್ಟೆ ಎಂದು ಅವನು ಕೇಳಿದ. ಮಾಲಾಗ್ರಿದಾ ಎಂಬ ಜೆಸುಯಿಟ್ ಪಾದ್ರಿ ಇದು ಪಾಪದ ಫಲವೆಂದು ಸಾರಿ, ನಗರವನ್ನು ಮತ್ತೆ ಕಟ್ಟುವ ಅವಸರದಲ್ಲಿದ್ದ ಮಂತ್ರಿ ಪೊಂಬಾಲನ ಮುನಿಸಿಗೆ ಗುರಿಯಾದ. 1761ರಲ್ಲಿ ಅವನನ್ನು ಕೊಲ್ಲಿಸಲಾಯಿತು, ಬೇರೆ ಆರೋಪಗಳ ಮೇಲೆ.

ರೂಸೋನ ಮಾತನ್ನು ಬಿಹಾರಕ್ಕೆ ಅನ್ವಯಿಸಿ ನೋಡಬಹುದು. ಭಾರತೀಯ ಭೂವಿಜ್ಞಾನ ಸರ್ವೇಕ್ಷಣೆಯವರು 1939ರಲ್ಲಿ ಪ್ರಕಟಿಸಿದ ವರದಿಯಲ್ಲಿ, ನೆಲ ಕೆಸರಿನಂತಾಗಿ ಕುಸಿದ ಸುಮಾರು 300 ಕಿಲೋಮೀಟರ್ ಉದ್ದದ ಒಂದು ಪಟ್ಟಿಯನ್ನು ಗುರುತಿಸಿದರು. ಅಲ್ಲಿ ಮನೆಗಳು ವಾಲಿದವು, ಹೂತವು. ಉರುಳಿ ಪುಡಿಯಾದವು ಕಡಿಮೆ. ಆ ಪಟ್ಟಿಗೆ ಹೊರಗಾದ, ಗಂಗೆಯ ದಕ್ಷಿಣದ ಮುಂಗೇರಿನ ಇಕ್ಕಟ್ಟಾದ ಪೇಟೆಯಲ್ಲಿ ಜನ ಗೋಡೆಗಳ ಕೆಳಗೆ ಸತ್ತರು. ಕಂಪದ ಕೇಂದ್ರವು ಬಿಹಾರದಲ್ಲಿರದೆ ಪೂರ್ವ ನೇಪಾಳದಲ್ಲಿತ್ತೆಂದು ಅನಂತರದ ಸಂಶೋಧನೆ ತೋರಿಸಿದೆ. ಹಿಮಾಲಯದ ಕೆಳಗೆ ಭಾರತದ ಶಿಲಾಫಲಕವು ಉತ್ತರಕ್ಕೆ ನುಗ್ಗುತ್ತಿರುವುದೇ ಅದರ ಮೂಲ. ಹಗಲಾಗಿದ್ದುದರಿಂದ ಹೊರಗಿದ್ದವರು ಬದುಕಿಕೊಂಡರು. ಕನ್ನಡನಾಡಿನ ಗಡಿಯಾಚೆ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರಂದು ಇದಕ್ಕಿಂತ ಬಹಳ ಸಣ್ಣ ಕಂಪವು ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಬಂದು, ಮಣ್ಣಿನಲ್ಲಿ ಕೂರಿಸಿದ ಭಾರಿ ಕಲ್ಲುಗೋಡೆಗಳ ಕೆಳಗೆ ಮಲಗಿದ್ದ ಸುಮಾರು 10,000 ಮಂದಿಯನ್ನು ಕೊಂದಿತು. ಗೋಡೆಗೆ ಮನುಷ್ಯನೂ ಬಡತನವೂ ಹೊಣೆಯೆನ್ನಬಹುದು. ಗಳಿಗೆಗೆ ಯಾರನ್ನು ಹೊಣೆ ಮಾಡುವುದು? ರೂಸೋನ ಉತ್ತರ ಅಲ್ಲಿಗೆ ಸೋಲುತ್ತದೆ.

ಠಾಕೂರರ ಉತ್ತರವೂ ಪೂರ್ಣವಲ್ಲ. ಭೌತನಿಯಮಗಳು ತಮ್ಮಷ್ಟಕ್ಕೆ ನಡೆಯುತ್ತವೆಂದು ಒಪ್ಪಿದರೂ, ಆ ನಿಯಮಗಳ ಒಡೆಯನು ಪ್ರೇಮಮಯನೇ ಎಂದು ಕೇಳುವವರ ಬಾಯಿ ಮುಚ್ಚುವುದಿಲ್ಲ. ಕವಿಗಳಿಗೆ ಇದು ತಿಳಿಯದ ಮಾತಾಗಿರಲಿಲ್ಲ. 1902ರಲ್ಲಿ ಪತ್ನಿ, 1903ರಲ್ಲಿ ಮಗಳು ರೇಣುಕಾ, 1907ರಲ್ಲಿ ಕಿರಿಯ ಮಗ ಶಮೀಂದ್ರನಾಥ ಅವರನ್ನು ಅಗಲಿದ್ದರು; ಬಂಗಾಳಿಯ ‘ಗೀತಾಂಜಲಿ’ ಹೊರಬಂದದ್ದು 1910ರಲ್ಲಿ. ರೋಗದಿಂದ ಸತ್ತ ಮಗುವಿನ ಸಾವಿಗೆ ಅರ್ಥ ಹುಡುಕದೆಯೂ ದೇವರನ್ನು ಪ್ರೀತಿಸಬಹುದೆಂಬುದು ಅವರ ಬಾಳಿನಲ್ಲಿ ನಡೆದ ಸಂಗತಿ.

ಗಾಂಧಿಯವರಿಗೆ ಅರ್ಥವಿಲ್ಲದ ದುಃಖವೇ ಅಸಹ್ಯವಾದುದು. ಭೂಕಂಪವು ದೇವರ ಹುಚ್ಚಾಟವೂ ಅಲ್ಲ, ಕುರುಡು ಶಕ್ತಿಗಳ ಸಂಘಟ್ಟನೆಯೂ ಅಲ್ಲ. ಅವನ ನಿಯಮಗಳೆಲ್ಲ ನಮಗೆ ಗೊತ್ತಿಲ್ಲ ಎಂದು ಅವರು ಉತ್ತರಿಸಿದರು. ಸಂಬಂಧವನ್ನು ಸಾಧಿಸಿ ತೋರಿಸಲಾರೆನೆಂದೂ ಒಪ್ಪಿದರು. ನಂಬಿಕೆ ತಪ್ಪಾಗಿದ್ದರೂ ಅದು ಆತ್ಮಶುದ್ಧಿಗೆ ಪ್ರೇರಿಸುತ್ತದೆಂಬುದು ಅವರ ಕೊನೆಯ ಸಮರ್ಥನೆ. ಇದು ವಾದದ ದೃಷ್ಟಿಯಿಂದ ದುರ್ಬಲವಾದುದೇ ಸರಿ: ಕೇಳುವವನ ಶುದ್ಧಿಗಾಗಿ ಸತ್ತವನು ಏಕೆ ಸಾಯಬೇಕಾಗಿತ್ತೆಂಬ ಠಾಕೂರರ ಮೂಲಪ್ರಶ್ನೆಯನ್ನು ಅದು ಮುಟ್ಟುವುದೇ ಇಲ್ಲ. ಜವಾಹರಲಾಲರು 1936ರಲ್ಲಿ ಹೊರಬಂದ ಆತ್ಮಕಥೆಯಲ್ಲಿ ತಾವು ಈ ವಿಷಯದಲ್ಲಿ ಕವಿಗಳ ಪಕ್ಷವೆಂದು ಮುಚ್ಚುಮರೆಯಿಲ್ಲದೆ ಬರೆದರು.

ಫೆಬ್ರುವರಿಯ ಕೊನೆಯಲ್ಲಿ ಕೊಡಗು, ಮಂಗಳೂರು, ಶಿರಸಿಗಳನ್ನೂ ಮಾರ್ಚಿಯ ಆದಿಯಲ್ಲಿ ಹುಬ್ಬಳ್ಳಿ, ಬೆಳಗಾವಿಗಳನ್ನೂ ಸುತ್ತಿ, ಹೈದರಾಬಾದಿನ ಮಾರ್ಗವಾಗಿ ಗಾಂಧಿಯವರು ಪಾಟ್ನಾ ಸೇರಿದರು. ಮಾರ್ಚಿ 18ರ ಪರಿಹಾರ ಸಮಿತಿಯ ಸಭೆಯಲ್ಲಿ, ತಮ್ಮನ್ನು ಎಷ್ಟೋ ಸಲ ಸೆರೆಗೆ ಹಾಕಿದ ಸರ್ಕಾರದೊಡನೆಯೇ ಈ ಕೆಲಸದಲ್ಲಿ ಸಹಕರಿಸುವ ಗೊತ್ತುವಳಿಯನ್ನು ಅವರೇ ಮಂಡಿಸಿದರು. ದುಡಿಯಬಲ್ಲವನು ದುಡಿಯದೆ ಭಿಕ್ಷೆ ಕೊಳ್ಳಬಾರದೆಂದು ಊರೂರಿನಲ್ಲಿ ಹೇಳಿದರು. ಅದೇ ಪ್ರಾಂತದ ದೇವಘರದಲ್ಲಿ ಏಪ್ರಿಲ್ 26ರಂದು ಸನಾತನಿಗಳು ಅವರ ಕಾರಿನ ಮೇಲೆ ದೊಣ್ಣೆಗಳಿಂದ ಎರಗಿದರು. ದಂಡನೆಯ ಎಚ್ಚರಿಕೆಯು ಅವರ ಮನಸ್ಸನ್ನು ಮುಟ್ಟಿರಲಿಲ್ಲ.

ಅವರ ಅಭಿಪ್ರಾಯ ಬದಲಾಗಲಿಲ್ಲ. 1935ರ ಮೇ 31ರಂದು, ಊರು ಇನ್ನೂ ನಿದ್ದೆಯಲ್ಲಿದ್ದಾಗ ಕ್ವೆಟ್ಟಾ ನಗರ ಕುಸಿದು ಸುಮಾರು 30,000 ಜನ ಸತ್ತರು. ಹೊರಗಿನ ಸೇವಕರು ಒಳಹೋಗದಂತೆ ಸರ್ಕಾರ ತಡೆದಿತ್ತು, ಪ್ರಾರ್ಥನೆಯೊಂದೇ ಉಳಿದಿತ್ತು. ಪ್ರತಿಯೊಂದು ಭೌತಿಕ ವಿಪತ್ತಿನ ಹಿಂದೆಯೂ ದೈವಸಂಕಲ್ಪವಿದೆಯೆಂದು ಬಿಹಾರದ ಕಾಲದಲ್ಲಿ ಹೇಳಿದುದನ್ನು ಗಾಂಧಿಯವರು ‘ಹರಿಜನ’ದಲ್ಲಿ ಮತ್ತೊಮ್ಮೆ ಬರೆದರು.