ಬಿದಿರು: ಕಾಡಿನ ಹುಲ್ಲು, ಹುಳುಮನೆಯ ಚಂದ್ರಿಕೆ

ಬಿದಿರು ರಾಗಿ, ಭತ್ತ, ಕಬ್ಬುಗಳ ಕುಟುಂಬಕ್ಕೆ ಸೇರಿದ ಹುಲ್ಲು. ಮಳೆಗಾಲದಲ್ಲಿ ನೆಲ ಸೀಳಿ ಏಳುವ ಕಳಲೆ ಎರಡು-ಮೂರು ತಿಂಗಳಲ್ಲೇ ಪೂರ್ತಿ ಎತ್ತರ ಮುಟ್ಟುತ್ತದೆ. ಗಳ ಬಲಿಯಲು ಮಾತ್ರ ಮೂರು ವರ್ಷ ಬೇಕು. ಬಿಳಿಗಿರಿರಂಗನಬೆಟ್ಟ ಮತ್ತು ಬಂಡೀಪುರದ ಕಾಡುಗಳಲ್ಲಿ ಮುಳ್ಳಿರುವ ಹೆಬ್ಬಿದಿರೂ ಒಳಗೆ ಹೆಚ್ಚು ಟೊಳ್ಳಿಲ್ಲದ ಕಿರುಬಿದಿರೂ ಬೆಳೆಯುತ್ತವೆ. ಹೆಬ್ಬಿದಿರು ಸುಮಾರು 40–45 ವರ್ಷಕ್ಕೊಮ್ಮೆ ಒಟ್ಟಾಗಿ ಹೂಬಿಟ್ಟು, ಬಿದಿರಕ್ಕಿ ಉದುರಿಸಿ, ಮೆಳೆಸಮೇತ ಒಣಗುತ್ತದೆ.

ರೇಷ್ಮೆಗೆ ಬಿದಿರಿನ ಆಸರೆ

ರೇಷ್ಮೆ ನೂಲು ತೆಗೆಯುವ ಸರ್ಕಾರಿ ಕಾರ್ಖಾನೆಯಿಂದ ಹೆಸರಾದ ಊರು ಚಾಮರಾಜನಗರ ಜಿಲ್ಲೆಯ ಸಂತೆಮರಹಳ್ಳಿ. ಆ ನೂಲಿಗೆ ಬೇಕಾದ ಗೂಡನ್ನು ರೇಷ್ಮೆಹುಳುಗಳು ಕಟ್ಟುವುದು ಚಂದ್ರಿಕೆ ಎಂಬ ತಟ್ಟೆಯಲ್ಲಿ. ಸುಮಾರು ಆರಡಿ ಉದ್ದ, ನಾಲ್ಕಡಿ ಅಗಲದ ಬಿದಿರಿನ ಚಾಪೆಯ ಮೇಲೆ ಸುಮಾರು ಎರಡು ಅಂಗುಲ ಅಗಲದ ಹೆಣಿಗೆಪಟ್ಟಿಯನ್ನು ಸುರುಳಿಯಾಗಿ ನಿಲ್ಲಿಸಿ ಕಟ್ಟಿರುತ್ತಾರೆ. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುಗಳನ್ನು ಆರಿಸಿ ಇದರಲ್ಲಿ ಬಿಡುತ್ತಾರೆ. ಒಂದರಲ್ಲಿ ಸಾವಿರ ಹುಳುಗಳಿಗೆ ಜಾಗವಿದೆ. ಎರಡು-ಮೂರು ದಿನಗಳಲ್ಲಿ ಗೂಡು ಸಿದ್ಧ. ಗೂಡು ಬಿಡಿಸಿದ ಮೇಲೆ ಅಂಟಿದ ಎಳೆಗಳನ್ನು ಬೆಂಕಿಯ ಜ್ವಾಲೆಗೆ ಹಿಡಿದು ಸುಟ್ಟು, ಬಿಸಿಲಿಗೆ ಒಣಗಿಸಿ, ಮತ್ತೆ ಬಳಸುತ್ತಾರೆ. ಇಂದು ಪ್ಲಾಸ್ಟಿಕ್ ಚಂದ್ರಿಕೆಗಳೂ ಬಂದಿವೆ.

ಮನೆ, ಹೊಲ, ಅಡುಗೆ

ಮೇದರು ಹಸಿ ಗಳವನ್ನು ಉದ್ದಕ್ಕೆ ಸೀಳಿ, ತಿರುಳು ಬಿಟ್ಟು ಹೊರಸಿಪ್ಪೆಯ ಎಳೆ ತೆಗೆದು ಹೆಣೆಯುತ್ತಾರೆ. ನೀರಿಗೂ ಸವೆತಕ್ಕೂ ತಾಳುವುದು ಆ ಸಿಪ್ಪೆಯೇ. ಕಾಳು ಕೇರುವ ಮೊರ, ಗೊಬ್ಬರ ಹೊರುವ ಮಂಕರಿ, ಬುಟ್ಟಿ, ತಡಿಕೆ, ಏಣಿ, ಮದುವೆಯ ಚಪ್ಪರದ ಗಳ ಎಲ್ಲಕ್ಕೂ ಬಿದಿರೇ ಬೇಕು. ಎಳೆ ಕಳಲೆಯಲ್ಲಿ ವಿಷದ ಅಂಶವಿದೆ. ಹೆಚ್ಚಿದ ಹೋಳುಗಳನ್ನು ನೀರು ಬದಲಿಸುತ್ತಾ ಎರಡು-ಮೂರು ದಿನ ನೆನೆಸಿ, ಚೆನ್ನಾಗಿ ಬೇಯಿಸಿಯೇ ಸಾರು, ಪಲ್ಯ ಮಾಡುತ್ತಾರೆ.

ಕಾನೂನು

2017ರ ತಿದ್ದುಪಡಿಯ ಬಳಿಕ, ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಭಾರತೀಯ ಅರಣ್ಯ ಕಾಯ್ದೆ ‘ಮರ’ ಎಂದು ಎಣಿಸುವುದಿಲ್ಲ.